ಶಾಫ್ಟಿಗೆ ಇಳಿಯುವವನ ಪರವಾನಗಿ

ಲಿಫ್ಟ್ ಕುಸಿದು ಜನ ಸತ್ತ ಸುದ್ದಿ ಬಂದಾಗಲೆಲ್ಲ ಏಳುವ ಬೇಡಿಕೆ ಒಂದೇ: ಓದದವರ ಕೈಗೆ ಲಿಫ್ಟ್ ಕೊಡಬೇಡಿ, ಮೆಕ್ಯಾನಿಕ್ ಆಗಲು ಬೇಕಾದ ಓದನ್ನು ಏರಿಸಿ, ಐಟಿಐ ಸಾಲದಿದ್ದರೆ ಡಿಪ್ಲೊಮಾ ಕೇಳಿ. 2023ರ ಸೆಪ್ಟೆಂಬರ್ 10ರಂದು ಠಾಣೆಯ ಬಾಳಕುಮ್‌ನಲ್ಲಿ, 40 ಮಹಡಿಯ ಕಟ್ಟಡದ ತುದಿಯಲ್ಲಿ ವಾಟರ್‌ಪ್ರೂಫಿಂಗ್ ಕೆಲಸ ಮುಗಿಸಿ ಇಳಿಯುತ್ತಿದ್ದ ಏಳು ಕಾರ್ಮಿಕರು ಕಾಮಗಾರಿಯ ಲಿಫ್ಟ್ ಬಿದ್ದು ಸತ್ತರು. ಅದಾದ ಮೇಲೂ ನನ್ನ ಕಿವಿಗೆ ಬಿದ್ದದ್ದು ಇದೇ ಮಾತು. ಹೇಳುವವರು ಕೆಟ್ಟವರಲ್ಲ, ಅವರ ಕಳವಳ ಸುಳ್ಳಲ್ಲ. ಆದರೆ ಅವರು ಸೂಚಿಸುವ ಮದ್ದು ತಪ್ಪು. ಓದಿನ ಮಟ್ಟವನ್ನು ಏರಿಸುತ್ತ ಹೋದರೆ ಲಿಫ್ಟು ಸುರಕ್ಷಿತವಾಗುವುದಿಲ್ಲ. ಲಿಫ್ಟಿನ ಕೆಲಸ ಮಾಡುವ ಮನುಷ್ಯ ಕಾನೂನಿನ ಕಣ್ಣಿಗೆ ಬೀಳದಂತಾಗುತ್ತಾನೆ, ಅಷ್ಟೆ.

ಜತ್ತ ತಾಲೂಕಿನವನೊಬ್ಬ ಲಿಫ್ಟಿನ ಬಗ್ಗೆ ಯಾಕೆ ಬರೆಯಬೇಕು ಎಂದು ಕೇಳುವವರಿದ್ದಾರೆ. ಸಾಂಗಲಿ ಜಿಲ್ಲೆಯ ಪೂರ್ವದ ಅಂಚಿನಲ್ಲಿರುವ ಈ ಬರಗಾಲದ ಸೀಮೆಯಲ್ಲಿ, ಉಮದಿ, ಸಂಖ, ಮಾಡಗ್ಯಾಳದ ಕಡೆ, ಎರಡನೆಯ ಮಹಡಿ ಇರುವ ಮನೆಗಳೇ ಎಣಿಕೆಗೆ ಸಿಗುವಷ್ಟು. ನೀರಿನ ಚಿಂತೆ ಮುಗಿಯದ ಊರಿಗೆ ಲಿಫ್ಟಿನ ಚಿಂತೆ ಯಾಕೆ? ಯಾಕೆಂದರೆ ನಮ್ಮ ಜನ ಲಿಫ್ಟಿನಿಂದ ದೂರ ಇಲ್ಲ. ಕಾಯಿಲೆ ದೊಡ್ಡದಾದರೆ ನಾವು ಹೋಗುವುದು ಮಿರಜಕ್ಕೆ. 1894ರಲ್ಲಿ ಡಾಕ್ಟರ್ ವಾನ್‌ಲೆಸ್ ಅಲ್ಲಿ ಮಿಷನ್ ಆಸ್ಪತ್ರೆ ಶುರು ಮಾಡಿದಂದಿನಿಂದ ಜತ್ತ, ಅಥಣಿ, ವಿಜಯಪುರದ ಕಡೆಯ ರೋಗಿಗಳಿಗೆ ಮಿರಜವೇ ದಿಕ್ಕು. ಇಂದು ಅಲ್ಲಿನ ಆಸ್ಪತ್ರೆಗಳಲ್ಲಿ ಸ್ಟ್ರೆಚರಿನ ಮೇಲೆ ಮಲಗಿದ ನಮ್ಮ ತಾಯಂದಿರು ಆಪರೇಶನ್ ಥಿಯೇಟರಿಗೆ ಹೋಗುವುದು ಲಿಫ್ಟಿನಲ್ಲೇ. ಮಳೆ ಕೈಕೊಟ್ಟ ವರ್ಷ ದುಡಿಮೆ ಹುಡುಕಿ ಪುಣೆ, ಮುಂಬೈ, ಬೆಂಗಳೂರಿಗೆ ಹೋದ ನಮ್ಮ ಹುಡುಗರು ಕಟ್ಟುವುದೂ ಲಿಫ್ಟಿರುವ ಕಟ್ಟಡಗಳನ್ನೇ. ಅವರಲ್ಲಿ ಕೆಲವರು ಲಿಫ್ಟ್ ಕಂಪನಿಗಳ ಹೆಲ್ಪರ್ ಆಗುತ್ತಾರೆ. ನಾನು ಹೇಳಬೇಕೆಂದಿರುವುದು ಆ ಹೆಲ್ಪರನ ಬಗ್ಗೆ.

ಅವನು ಎಲ್ಲಿಂದ ಬಂದ ಎಂಬುದನ್ನು ಮೊದಲು ನೋಡಬೇಕು. ನಮ್ಮ ಸೀಮೆಯಲ್ಲಿ ಬೋರಿನ ಮೋಟಾರು ಸುಟ್ಟರೆ ದ್ರಾಕ್ಷಿ, ದಾಳಿಂಬೆ ಒಣಗುತ್ತವೆ. ಹಾಗಾಗಿ ಊರೂರಿಗೆ ಮೋಟಾರು ಎತ್ತಿ ಇಳಿಸುವ ಹುಡುಗರ ಗುಂಪುಗಳಿವೆ. ನೂರಾರು ಅಡಿ ಆಳದಿಂದ ಪೈಪು, ಕೇಬಲ್, ಪಂಪು ಎಲ್ಲವನ್ನೂ ಚೈನು, ರಾಟೆಗಳಿಂದ ಎತ್ತುವಾಗ ಭಾರ ಯಾವ ಕಡೆ ವಾಲುತ್ತದೆ, ಕೈ ಎಲ್ಲಿ ಇಡಬಾರದು, ಜೋತಾಡುವ ಪೈಪಿನ ಕೆಳಗೆ ಯಾರೂ ಯಾಕೆ ನಿಲ್ಲಬಾರದು ಎಂಬುದು ಅವರಿಗೆ ಬೆರಳ ತುದಿಯಲ್ಲಿರುತ್ತದೆ. ಮೂರು ಫೇಸಿನಲ್ಲಿ ಎರಡು ಅದಲು ಬದಲಾದರೆ ಮೋಟಾರು ತಿರುಗುಮುರುಗು ಓಡುತ್ತದೆ, ಒಂದು ಹೋದರೆ ಸುಟ್ಟುಹೋಗುತ್ತದೆ ಎಂಬುದನ್ನು ಅವರು ಪುಸ್ತಕದಲ್ಲಿ ಓದಿದ್ದಲ್ಲ. ಸ್ಟಾರ್ಟರ್ ಬಿಚ್ಚಿ ರಿಲೇ ನೋಡಿ ಕಲಿತದ್ದು. ಲಿಫ್ಟಿನ ಮಷಿನ್ ರೂಮಿನಲ್ಲಿ ಇರುವುದೂ ಇವೇ: ಮೂರು ಫೇಸಿನ ಮೋಟಾರು, ಫೇಸು ತಪ್ಪಿದರೆ ನಿಲ್ಲಿಸುವ ರಿಲೇ, ರಾಟೆ, ಉಕ್ಕಿನ ಹಗ್ಗ, ತೂಗುವ ಭಾರ. ಹತ್ತನೆಯ ಇಯತ್ತೆ ಮುಗಿಸಿದವನೋ ಅರ್ಧಕ್ಕೆ ಬಿಟ್ಟವನೋ, ಕೆಲಸದ ಕೈ ಆಗಲೇ ಅರ್ಧ ತಯಾರಾಗಿರುತ್ತದೆ. ಇವನಿಗೆ ಡಿಪ್ಲೊಮಾ ಇಲ್ಲವೆಂದು ಬಾಗಿಲು ಮುಚ್ಚಿದರೆ ಅವನು ಊರಿಗೆ ಮರಳುವುದಿಲ್ಲ. ಅದೇ ಲಿಫ್ಟಿನ ಶಾಫ್ಟಿಗೆ ಇಳಿಯುತ್ತಾನೆ, ಬೇರೆಯವರ ಹೆಸರಿನಲ್ಲಿ.

ಈಗಿನ ಕಾನೂನು ಹೇಗಿದೆ? ಮುಂಬಯಿ ಪ್ರಾಂತದಲ್ಲಿ ಲಿಫ್ಟ್ ಕಾಯ್ದೆ ಬಂದದ್ದು 1939ರಲ್ಲಿ. ಮಹಾರಾಷ್ಟ್ರ ಅದನ್ನು ಬದಲಿಸಿ ಲಿಫ್ಟ್, ಎಸ್ಕಲೇಟರ್, ಚಲಿಸುವ ನಡೆದಾರಿಗಳನ್ನು ಒಟ್ಟಿಗೆ ಸೇರಿಸಿದ 2017ರ ಕಾಯ್ದೆ ಮಾಡಿತು. ಪಕ್ಕದ ಕರ್ನಾಟಕದಲ್ಲಿ 1974ರ ಕಾಯ್ದೆಯ ಜಾಗಕ್ಕೆ 2012ರದು ಬಂತು. ಉತ್ತರ ಪ್ರದೇಶ 2024ರಲ್ಲಿ ಹೊಸ ಕಾಯ್ದೆ ತಂದಿತು. ಇವೆಲ್ಲದರಲ್ಲಿ ಕಾನೂನಿನ ಕಣ್ಣು ಮುಖ್ಯವಾಗಿ ನೆಟ್ಟಿರುವುದು ಲಿಫ್ಟಿನ ಮೇಲೆ, ಅದರ ಮಾಲೀಕನ ಮೇಲೆ, ಅದನ್ನು ಕೂರಿಸಿ ನೋಡಿಕೊಳ್ಳುವ ಸಂಸ್ಥೆಯ ಮೇಲೆ. ಲಿಫ್ಟಿಗೆ ಪರವಾನಗಿ ಇದೆ, ಸಂಸ್ಥೆಗೆ ಇದೆ. ಕ್ಯಾಬಿನ್ನಿನ ನೆತ್ತಿಯ ಮೇಲೆ ನಿಂತು ಡೋರ್ ಲಾಕ್ ಸರಿಮಾಡುವವನ ಹೆಸರಿನಲ್ಲಿ, ಅವನ ಜೇಬಿನಲ್ಲಿ, ಅವನೇ ಗಳಿಸಿದ ಪರವಾನಗಿ ಇಲ್ಲ.

ಕರೆಂಟಿನ ಕೆಲಸದಲ್ಲಿ ಹೀಗಿಲ್ಲ. ಭಾರತೀಯ ವಿದ್ಯುತ್ ನಿಯಮಾವಳಿ, 1956, ತನ್ನ 45ನೆಯ ನಿಯಮದಲ್ಲೇ ಮೂರು ಮೆಟ್ಟಿಲು ಕಟ್ಟಿತ್ತು: ಗುತ್ತಿಗೆದಾರನಿಗೆ ಲೈಸೆನ್ಸ್, ಮೇಲ್ವಿಚಾರಕನಿಗೆ ಅರ್ಹತಾ ಪ್ರಮಾಣಪತ್ರ, ಕೈಯಿಂದ ಕೆಲಸ ಮಾಡುವವನಿಗೆ ಪರ್ಮಿಟ್. ವಾಯರ್‌ಮನ್‌ಗೂ ಒಂದು ಕಾಗದ ಬೇಕು ಎಂದು ಕಾನೂನು ಬಹಳ ಹಿಂದೆಯೇ ಕಂಡುಕೊಂಡಿತ್ತು. ಲಿಫ್ಟಿನಲ್ಲಿ ಕರೆಂಟಿನ ಜೊತೆಗೆ ಸಾವಿರಾರು ಕಿಲೋ ಭಾರ ಓಡಾಡುತ್ತದೆ. ಅಲ್ಲಿ ಮಾತ್ರ ಮೂರನೆಯ ಮೆಟ್ಟಿಲು ಯಾಕೆ ಬೇಡ? ಅರ್ಹತೆ ಏರಿಸಿ ಎನ್ನುವವರು ಈ ಪ್ರಶ್ನೆಗೆ ಬರುವುದೇ ಇಲ್ಲ. ಇರುವ ಎರಡು ಮೆಟ್ಟಿಲುಗಳನ್ನೇ ಇನ್ನಷ್ಟು ಎತ್ತರ ಮಾಡಲು ಹೊರಡುತ್ತಾರೆ.

ಎತ್ತರ ಮಾಡಿದರೆ ಏನಾಗುತ್ತದೆ ಎಂಬುದು ವಾಯರಿಂಗಿನ ಲೋಕದಲ್ಲಿ ಎಲ್ಲರಿಗೂ ಗೊತ್ತು. ಮನೆಯ ವಾಯರಿಂಗ್ ಮಾಡುವವನು ಒಬ್ಬ, ಟೆಸ್ಟ್ ರಿಪೋರ್ಟಿಗೆ ಸಹಿ ಹಾಕುವವನು ಇನ್ನೊಬ್ಬ. ಸಹಿಗೆ ಇಂತಿಷ್ಟು ಎಂದು ದುಡ್ಡು. ಸಹಿ ಹಾಕಿದವನು ಆ ಮನೆಯ ಹೊಸ್ತಿಲು ತುಳಿದಿರುವುದಿಲ್ಲ, ಅರ್ಥಿಂಗ್ ಇದೆಯೋ ಇಲ್ಲವೋ ನೋಡಿರುವುದಿಲ್ಲ. ಕಾಗದ ಪಡೆಯುವುದು ಕಷ್ಟವಾದಷ್ಟೂ ಕಾಗದ ಇರುವವರು ಕಡಿಮೆಯಾಗುತ್ತಾರೆ, ಕಡಿಮೆಯಾದಷ್ಟೂ ಸಹಿಯ ಬೆಲೆ ಏರುತ್ತದೆ, ಕೆಲಸ ಮಾತ್ರ ಮೊದಲಿನ ಕೈಗಳಲ್ಲೇ ಉಳಿಯುತ್ತದೆ. ಲಿಫ್ಟಿಗೆ ಡಿಪ್ಲೊಮಾ ಕೇಳಿದರೆ ಡಿಪ್ಲೊಮಾ ಆದವನು ಆಫೀಸಿನಲ್ಲಿ ಕೂತು ಸರ್ವಿಸ್ ಶೀಟಿಗೆ ಸಹಿ ಹಾಕುತ್ತಾನೆ. ಶಾಫ್ಟಿನ ತಳದ ಪಿಟ್ಟಿಗೆ ಇಳಿದು ಗ್ರೀಸು ಬಳಿಯುವವನು ಆಗಲೂ ನಮ್ಮ ಹುಡುಗನೇ. ವ್ಯತ್ಯಾಸ ಒಂದೇ: ಈಗ ಅವನಿಗೆ ಹೆಸರಿಲ್ಲ, ಆಗ ಅವನು ಅಲ್ಲಿರುವುದೇ ಅಪರಾಧ. ಸತ್ತರೆ, ಅನುಮತಿ ಇಲ್ಲದೆ ಶಾಫ್ಟಿಗೆ ಹೋಗಿದ್ದ ಎಂದು ಬರೆದು ಕೈತೊಳೆದುಕೊಳ್ಳಲು ದಾರಿ ಸುಗಮ.

ಲಿಫ್ಟಿನಲ್ಲಿ ಸಾವು ಎಲ್ಲಿಂದ ಬರುತ್ತದೆ ಎಂಬ ತಿಳುವಳಿಕೆಯೂ ಈ ಚರ್ಚೆಯಲ್ಲಿ ಕಾಣುವುದಿಲ್ಲ. ಜನ ಹೆದರುವುದು ಹಗ್ಗ ಹರಿಯುವುದಕ್ಕೆ. ಎಲೈಷಾ ಓಟಿಸ್ 1854ರಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ತಾನೇ ಹಲಗೆಯ ಮೇಲೆ ನಿಂತು ಹಗ್ಗ ಕಡಿಸಿ, ಬೀಳದೆ ನಿಂತು ತೋರಿಸಿದ ಕಾಲದಿಂದಲೂ ಪ್ರಯಾಣಿಕರ ಲಿಫ್ಟಿನಲ್ಲಿ ಆ ಅಪಾಯವನ್ನು ಎಂಜಿನಿಯರುಗಳು ಕಟ್ಟಿಹಾಕುತ್ತ ಬಂದಿದ್ದಾರೆ. ಇಂದಿನ ಲಿಫ್ಟಿನಲ್ಲಿ ಹಗ್ಗ ಒಂದಲ್ಲ, ಹಲವು. ಮೂರು ಅಥವಾ ಹೆಚ್ಚು ಹಗ್ಗಗಳಿರುವಲ್ಲಿ ಅವುಗಳ ಬಲ ಹೊರುವ ಭಾರದ 12 ಪಟ್ಟಾದರೂ ಇರಬೇಕು. ವೇಗ ಮಿತಿ ಮೀರಿದರೆ ವೇಗದ ಮೇಲೆ ಕಣ್ಣಿಡುವ ಗವರ್ನರ್ ಹಿಡಿದು, ಕ್ಯಾಬಿನ್ನಿನ ಕೆಳಗಿನ ದವಡೆಗಳು ಗೈಡ್ ರೇಲನ್ನು ಕಚ್ಚುತ್ತವೆ. ಆದ್ದರಿಂದ ಕಟ್ಟಡದ ಲಿಫ್ಟಿನಲ್ಲಿ ಸಾವು ಹೆಚ್ಚಾಗಿ ಕಾಯುವುದು ಬಾಗಿಲಲ್ಲಿ, ಪಿಟ್ಟಿನಲ್ಲಿ, ಕ್ಯಾಬಿನ್ನಿನ ನೆತ್ತಿಯ ಮೇಲೆ. ಈ ಮೂರೂ ಮೆಕ್ಯಾನಿಕ್ಕಿನ ಜಾಗಗಳು.

ಕ್ಯಾಬಿನ್ನಿನ ಮೇಲೆ ಹತ್ತುವ ಕ್ರಮವನ್ನೇ ತೆಗೆದುಕೊಳ್ಳಿ. ಹೊರಗಿನ ಬಾಗಿಲನ್ನು ಕೀಲಿ ಹಾಕಿ ತೆರೆಯುವಾಗ ದೇಹದ ಭಾರ ಹಿಂದಿನ ಕಾಲಿನ ಮೇಲಿರಬೇಕು, ಏಕೆಂದರೆ ಒಳಗೆ ಕ್ಯಾಬಿನ್ ಇದೆ ಎಂದುಕೊಂಡ ಕಡೆ ಬರೀ ಬಾವಿ ಇರಬಹುದು. ಬಾಗಿಲು ಸ್ವಲ್ಪ ತೆರೆದಿಟ್ಟು ಕಾಲ್ ಬಟನ್ ಒತ್ತಿ ನೋಡಬೇಕು, ಲಿಫ್ಟು ಅಲುಗಿದರೆ ಡೋರ್ ಲಾಕ್ ಸತ್ತಿದೆ ಎಂದರ್ಥ. ಆಮೇಲೆ ಹೊರಗೆ ನಿಂತೇ ಕೈ ಚಾಚಿ ಸ್ಟಾಪ್ ಸ್ವಿಚ್ ಒತ್ತಿ, ಬಾಗಿಲು ಮುಚ್ಚಿ, ಲಿಫ್ಟು ಓಡುವುದಿಲ್ಲ ಎಂದು ಮತ್ತೊಮ್ಮೆ ಖಾತ್ರಿ ಮಾಡಿಕೊಳ್ಳಬೇಕು. ಅನಂತರ ಇನ್‌ಸ್ಪೆಕ್ಷನ್ ಸ್ವಿಚ್ ತಿರುಗಿಸಿ ಅದನ್ನೂ ಹಾಗೆಯೇ ಬೇರೆಯಾಗಿ ಪರೀಕ್ಷಿಸಬೇಕು. ಇಷ್ಟಾದ ಮೇಲೆ ಕಾಲಿಡಬೇಕು. ಒಂದೊಂದು ರಕ್ಷಣೆಯನ್ನೂ ಬೇರೆ ಬೇರೆಯಾಗಿ ನೋಡುವುದು ಯಾಕೆಂದರೆ ಮೂರರಲ್ಲಿ ಒಂದು ಕೆಟ್ಟಿದ್ದರೂ ಉಳಿದೆರಡು ಅದನ್ನು ಮುಚ್ಚಿಡುತ್ತವೆ. ಈ ಕ್ರಮ ಕೈಗೆ ಹತ್ತಬೇಕು. ದಿನದ ಎಂಟನೆಯ ಲಿಫ್ಟಿನಲ್ಲಿ, ಹಸಿದಾಗ, ಮಾಲೀಕ ಬೈಯುತ್ತಿರುವಾಗ ಕೂಡ ಒಂದು ಹೆಜ್ಜೆ ತಪ್ಪಬಾರದು. ಯಾವ ಅಂಕಪಟ್ಟಿ ಇದನ್ನು ತೋರಿಸುತ್ತದೆ?

ಸಿಕ್ಕಿಬಿದ್ದವರನ್ನು ಬಿಡಿಸುವುದು ಇನ್ನೂ ಸೂಕ್ಷ್ಮ. ಕ್ಯಾಬಿನ್ನಿಗೆ ಎದುರಾಗಿ ತೂಗುವ ಕೌಂಟರ್‌ವೇಟಿನ ಭಾರ ಎಂದರೆ ಕ್ಯಾಬಿನ್ನಿನ ತೂಕಕ್ಕೆ ಲಿಫ್ಟು ಹೊರಬಲ್ಲ ಭಾರದ ಸುಮಾರು ಅರ್ಧವನ್ನು ಸೇರಿಸಿದಷ್ಟು. ಹಾಗಾಗಿ ಒಬ್ಬನೇ ಒಳಗಿರುವಾಗ ಬ್ರೇಕ್ ಬಿಟ್ಟರೆ ಕ್ಯಾಬಿನ್ ಕೆಳಗೆ ಬರುವುದಿಲ್ಲ, ಮೇಲಕ್ಕೆ ಹಾರುತ್ತದೆ. ಇದನ್ನು ಅರಿಯದವನು ಗಾಬರಿಯಲ್ಲಿ ಬ್ರೇಕಿಗೆ ಕೈಹಾಕಿದರೆ ಅನಾಹುತ. ಎರಡು ಮಹಡಿಗಳ ನಡುವೆ ನಿಂತ ಕ್ಯಾಬಿನ್ನಿನಿಂದ ಜನರನ್ನು ಕೆಳಗಿನ ಮಹಡಿಗೆ ಹಾರಿಸುವುದು ಇನ್ನೊಂದು ಕೊಲೆಗಾರ ತಪ್ಪು. ಹಾರಿದವನು ಆಯತಪ್ಪಿ ಹಿಂದಕ್ಕೆ ವಾಲಿದರೆ ಕ್ಯಾಬಿನ್ನಿನ ಅಡಿಯ ಸಂದಿನಿಂದ ನೇರ ಪಿಟ್ಟಿಗೆ. ಬಾಗಿಲ ದೋಷ ಹುಡುಕಲು ಡೋರ್ ಲಾಕನ್ನು ತಪ್ಪಿಸಿ ಕರೆಂಟು ಹಾಯಿಸುವ ತಂತಿಯ ತುಂಡು, ಅಂದರೆ ಜಂಪರ್, ಹಾಕಿ, ತೆಗೆಯಲು ಮರೆತು ಹೋಗುವುದು ಮೂರನೆಯದು. ಆಮೇಲೆ ಆ ಲಿಫ್ಟು ಬಾಗಿಲು ತೆರೆದೇ ಓಡುತ್ತದೆ, ಮಗುವೊಂದು ಕಾಲಿಡುವ ಹೊತ್ತಿಗೆ.

ಈ ಮೂರು ತಪ್ಪುಗಳಲ್ಲಿ ಒಂದೂ ಎಂಜಿನಿಯರಿಂಗ್ ಗಣಿತದ ಕೊರತೆಯಿಂದ ಆಗುವುದಿಲ್ಲ. ತರಬೇತಿ ಇಲ್ಲದೆ, ಆತುರದಲ್ಲಿ, 'ಬೇಡ' ಎನ್ನುವ ಬಲ ಇಲ್ಲದೆ ಆಗುತ್ತವೆ. ನನ್ನ ವಾದದ ತಿರುಳು ಈ ಕೊನೆಯ ಮಾತಿನಲ್ಲಿದೆ.

ಹೆಲ್ಪರನ ಮೇಲೆ ಬೀಳುವ ಒತ್ತಡವನ್ನು ಕಲ್ಪಿಸಿಕೊಳ್ಳಿ. ಸೊಸೈಟಿಯವರು ಅತ್ಯಂತ ಕಡಿಮೆ ದರ ಹೇಳಿದವನಿಗೆ ವರ್ಷದ ಮೇಂಟೆನನ್ಸ್ ಕೊಟ್ಟಿರುತ್ತಾರೆ. ದರ ಇಳಿದಷ್ಟೂ ಒಬ್ಬನ ಪಾಲಿಗೆ ಬರುವ ಲಿಫ್ಟುಗಳು ಹೆಚ್ಚು. ಬಾಗಿಲ ಲಾಕ್ ಸವೆದಿದೆ, ಹೊಸದು ಬರುವವರೆಗೆ ಲಿಫ್ಟ್ ಬಂದ್ ಇಡಬೇಕು ಎಂದು ಅವನಿಗೆ ಗೊತ್ತು. ಆದರೆ ಕೆಳಗೆ ಕಾರ್ಯದರ್ಶಿ ಕೂಗಾಡುತ್ತಿದ್ದಾರೆ, ಫೋನಿನಲ್ಲಿ ಸೂಪರ್‌ವೈಸರ್ "ಹೆಂಗಾರೆ ಮಾಡಿ ಚಾಲೂ ಮಾಡ್ಲೇ" ಅನ್ನುತ್ತಿದ್ದಾನೆ. ಅವನು ಏನು ಆಧಾರ ಹಿಡಿದು ಇಲ್ಲ ಎನ್ನಬೇಕು? ಕೈಯಲ್ಲಿ ಏನೂ ಇಲ್ಲ. ನಾಳೆ ಬರಬೇಡ ಎಂದರೆ ಮುಗಿಯಿತು. ಜಂಪರ್ ಹಾಕಿ ಬರುತ್ತಾನೆ.

ಅದೇ ಹುಡುಗನ ಜೇಬಿನಲ್ಲಿ ಅವನ ಹೆಸರಿನ ಪರವಾನಗಿ ಇದ್ದಿದ್ದರೆ? ಜಂಪರ್ ಬಿಟ್ಟು ಹೋದರೆ ನನ್ನ ಲೈಸೆನ್ಸ್ ಹೋಗುತ್ತದೆ ಸಾಹೇಬ್ರೆ, ನಾನು ಮಾಡೋದಿಲ್ಲ ಎನ್ನಲು ಕಾರಣ ಸಿಗುತ್ತದೆ. ಕಳೆದುಕೊಳ್ಳಲು ಏನಾದರೂ ಇದ್ದವನಿಗೆ ಮಾತ್ರ ನಿರಾಕರಿಸುವ ಶಕ್ತಿ ಬರುತ್ತದೆ. ಇನ್ನೊಂದು ಸಂಸ್ಥೆಗೆ ಹೋದರೂ ಆ ಕಾಗದ ಅವನ ಜೊತೆಗೇ ಹೋಗುತ್ತದೆ. ಲಿಫ್ಟನ್ನು ಬಂದ್ ಮಾಡಿ ಬೀಗ ಹಾಕುವ ಅಧಿಕಾರವನ್ನೂ ಆ ಪರವಾನಗಿಯಲ್ಲೇ ಬರೆದುಕೊಡಬೇಕು. ಲಿಫ್ಟುಗಳ ತಪಾಸಣೆ ಮಾಡುವ ವಿದ್ಯುತ್ ನಿರೀಕ್ಷಕರ ಕಚೇರಿಗೆ ತಿಳಿಸದೆ ಮಾಲೀಕ ಅದನ್ನು ತೆರೆಯುವಂತಿರಬಾರದು.

ರಸ್ತೆ ಸಾರಿಗೆಯಲ್ಲಿ ಈ ವಿವೇಕ ಆಗಲೇ ಬಂದಿದೆ. ಬಸ್ಸಿಗೆ ಪರ್ಮಿಟ್ ಬೇರೆ, ಚಾಲಕನಿಗೆ ಲೈಸೆನ್ಸ್ ಬೇರೆ. ಮಾಲೀಕನ ಪರ್ಮಿಟ್ ತೋರಿಸಿ ಯಾರೂ ಸ್ಟೀರಿಂಗ್ ಹಿಡಿಯುವಂತಿಲ್ಲ. ಲಾರಿ, ಬಸ್ಸು ಓಡಿಸಲು ಎಂಟನೆಯ ಇಯತ್ತೆ ಪಾಸಾಗಿರಬೇಕು ಎಂಬ ಷರತ್ತು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿತ್ತು. 2019ರಲ್ಲಿ ಕೇಂದ್ರ ಸರಕಾರ ಅದನ್ನು ತೆಗೆದುಹಾಕಿತು. ಹರಿಯಾಣದ ಮೇವಾತ ಸೀಮೆಯ ಬಡವರು ಚಾಲಕ ವೃತ್ತಿಯನ್ನೇ ನಂಬಿದ್ದಾರೆ, ಅವರಿಗೆ ಶಾಲೆಯ ಕಾಗದ ಇಲ್ಲ, ಚಾಲನೆಯ ಕೌಶಲ ಇದೆ ಎಂಬ ಮನವಿ ಅದರ ಹಿಂದಿತ್ತು. ಓದಿನ ಷರತ್ತು ತೆಗೆದ ಸರಕಾರ ತರಬೇತಿ, ಕೌಶಲ ಪರೀಕ್ಷೆಗಳ ಮೇಲೆ ಒತ್ತು ಕೊಟ್ಟಿತು. ಐವತ್ತು ಜನರನ್ನು ಹೊತ್ತ ಬಸ್ಸಿಗೆ ಸಲ್ಲುವ ನ್ಯಾಯ ಎಂಟು ಜನರ ಲಿಫ್ಟಿಗೆ ಯಾಕೆ ಸಲ್ಲಬಾರದು?

ಇದು ಸಡಿಲಿಕೆ ಅಲ್ಲವೆ ಎಂದು ಕೇಳುತ್ತಾರೆ. ಅಲ್ಲ. ನಾನು ಕೇಳುತ್ತಿರುವ ಪರೀಕ್ಷೆ ಈಗಿನದಕ್ಕಿಂತ ಬಿಗಿ. ಐಟಿಐನಲ್ಲಿ ಲಿಫ್ಟ್ ಮತ್ತು ಎಸ್ಕಲೇಟರ್ ಮೆಕ್ಯಾನಿಕ್ ಎಂಬ ಎರಡು ವರ್ಷದ ಟ್ರೇಡ್ ಇದೆ, ಹತ್ತನೆಯ ಇಯತ್ತೆ ಆದವರಿಗೆ. ಒಳ್ಳೆಯದೇ, ಅದು ಬೆಳೆಯಲಿ. ಆದರೆ ಅದರ ಪ್ರಮಾಣಪತ್ರ ಹಿಡಿದವನೂ, ಮೂರು ವರ್ಷ ಹೆಲ್ಪರ್ ಆಗಿ ದುಡಿದವನೂ, ಒಂದೇ ಪರೀಕ್ಷೆಗೆ ನಿಲ್ಲಲಿ. ನಿಜವಾದ ಶಾಫ್ಟಿನಲ್ಲಿ, ಪರೀಕ್ಷಕರ ಎದುರು, ಕ್ಯಾಬಿನ್ನಿನ ಮೇಲೆ ಹತ್ತಿ ಇಳಿಯಲಿ, ಪಿಟ್ಟಿಗೆ ಹೋಗಿ ಬರಲಿ, ಸಿಕ್ಕಿಬಿದ್ದವರನ್ನು ಬಿಡಿಸಿ ತೋರಿಸಲಿ. ಒಂದು ಹೆಜ್ಜೆ ಬಿಟ್ಟರೆ ನಾಪಾಸು. ಮೊದಲ ದಿನದ ಹೆಲ್ಪರನಿಗೂ ಸುರಕ್ಷತೆಯ ಪಾಠ ಆಗದೆ ಶಾಫ್ಟಿನ ಬಾಗಿಲು ತೆರೆಯಬಾರದು. ಕೆಲವು ವರ್ಷಗಳಿಗೊಮ್ಮೆ ಮತ್ತೆ ಪರೀಕ್ಷೆ ಆಗಬೇಕು. ಲಿಫ್ಟಿನ ಭಾರತೀಯ ಮಾನಕವೇ 2000ದ ಐಎಸ್ 14665ರಿಂದ 2022ರ ಐಎಸ್ 17900ಕ್ಕೆ ಬಂದಿರುವಾಗ ಹಳೆಯ ಕಲಿಕೆ ಜೀವನವಿಡೀ ಸಾಲದು.

ಕೆಲಸಗಾರನಿಗೇ ಕಾಗದ ಕೊಡುವುದು ಹೊಸ ಯೋಚನೆಯಲ್ಲ. ಕೆನಡಾದ ಒಂಟಾರಿಯೊದಲ್ಲಿ ಲಿಫ್ಟ್ ಮೆಕ್ಯಾನಿಕ್ಕುಗಳಿಗೆ ವರ್ಗವಾರು ಪ್ರಮಾಣಪತ್ರವಿದೆ, ಕಲಿಯುತ್ತಿರುವವನಿಗೂ ಒಂದು ದರ್ಜೆ ಇದೆ. ನ್ಯೂಯಾರ್ಕ್ ರಾಜ್ಯ 2020ರಲ್ಲಿ ಕಾಯ್ದೆಗೆ ಸಹಿ ಹಾಕಿ, 2022ರಿಂದ ಮೆಕ್ಯಾನಿಕ್ಕುಗಳಿಗೆ ಪರವಾನಗಿ ಕಡ್ಡಾಯ ಮಾಡಿತು.

ಇನ್ನು ಭಾಷೆಯ ಮಾತು. ಪರೀಕ್ಷೆ ಮರಾಠಿ ಇಲ್ಲವೆ ಇಂಗ್ಲಿಷಿನಲ್ಲಿ ಇದ್ದರೆ ಸಾಕು, ಮಹಾರಾಷ್ಟ್ರದಲ್ಲಿ ದುಡಿಯುವವನಿಗೆ ಮರಾಠಿ ಬರಲೇಬೇಕಲ್ಲ ಎಂಬುದು ಒಪ್ಪಿತ ಅಭಿಪ್ರಾಯ. ನಮ್ಮ ಹುಡುಗರಿಗೆ ಮರಾಠಿ ಬರುತ್ತದೆ, ಅದು ಪ್ರಶ್ನೆಯಲ್ಲ. ಆದರೆ ಜತ್ತದ ಪೂರ್ವ ಭಾಗದ ಹಳ್ಳಿಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಬಾಲಭಾರತಿ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕುತ್ತದೆ, ಮಹಾರಾಷ್ಟ್ರದ ಹತ್ತನೆಯ ಇಯತ್ತೆಯ ಬೋರ್ಡ್ ಪರೀಕ್ಷೆಯನ್ನು ಕನ್ನಡ ಮಾಧ್ಯಮದಲ್ಲಿ ಬರೆಯಬಹುದು. ಇತಿಹಾಸ, ಭೂಗೋಳ, ವಿಜ್ಞಾನಗಳಲ್ಲಿ ನಮ್ಮ ಹುಡುಗನನ್ನು ಕನ್ನಡದಲ್ಲಿ ಪರೀಕ್ಷಿಸಿದ ರಾಜ್ಯ, ಅವನ ಪ್ರಾಣ ಉಳಿಸುವ ವಿಷಯದಲ್ಲಿ ಮಾತ್ರ ಕನ್ನಡ ಬರುವುದಿಲ್ಲ ಎನ್ನುವುದು ನ್ಯಾಯವಲ್ಲ. ಕಂಟ್ರೋಲರಿನ ಎರರ್ ಕೋಡು ಇಂಗ್ಲಿಷಿನಲ್ಲಿರಲಿ, ಅವನು ಓದುತ್ತಾನೆ. ಆದರೆ 'ಸ್ಟಾಪ್ ಒತ್ತಿದ ಮೇಲೆ ಬಾಗಿಲು ಮುಚ್ಚಿ ಯಾಕೆ ನೋಡಬೇಕು' ಎಂಬ ಪ್ರಶ್ನೆಗೆ ಅವನ ಉತ್ತರ ಅವನು ಯೋಚಿಸುವ ಭಾಷೆಯಲ್ಲಿ ಬರಬೇಕು. ಬಾಯಿಪಾಠದ ಮರಾಠಿ ಉತ್ತರ ಪರೀಕ್ಷೆ ದಾಟಿಸಬಹುದು, ಶಾಫ್ಟಿನಲ್ಲಿ ಕೈ ಹಿಡಿಯುವುದಿಲ್ಲ.

ಗಡಿಯಾಚೆಗೂ ಒಂದು ಹೊಣೆ ಇದೆ. 2022ರ ನವೆಂಬರಿನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಜತ್ತ ತಾಲೂಕಿನ 40 ಹಳ್ಳಿಗಳನ್ನು ಕರ್ನಾಟಕಕ್ಕೆ ಸೇರಿಸುವ ಮಾತೆತ್ತಿದರು. ಒಂದು ಊರೂ ಹೋಗುವುದಿಲ್ಲ ಎಂದು ಮಹಾರಾಷ್ಟ್ರ ಉತ್ತರಿಸಿತು. ನಮ್ಮ ಮೇಲೆ ಎರಡೂ ರಾಜ್ಯಗಳಿಗೆ ಅಷ್ಟು ಪ್ರೀತಿ ಇದ್ದರೆ ಅದನ್ನು ಇಲ್ಲಿ ತೋರಿಸಲಿ. ಸಾಂಗಲಿಯಲ್ಲಿ ಪರೀಕ್ಷೆ ಪಾಸಾದವನ ಪರವಾನಗಿ ವಿಜಯಪುರದಲ್ಲೂ ಬೆಂಗಳೂರಿನಲ್ಲೂ ನಡೆಯಬೇಕು, ಅಲ್ಲಿನದು ಇಲ್ಲಿ ನಡೆಯಬೇಕು. ಸುರಕ್ಷತೆಯ ಪಾಠದ ಕನ್ನಡ ಕೈಪಿಡಿಯನ್ನು ಕರ್ನಾಟಕ ಮಾಡಿಕೊಟ್ಟರೆ ಮಹಾರಾಷ್ಟ್ರ ಅದನ್ನು ಬಳಸಲು ಯಾವ ಗಡಿ ತಕರಾರೂ ಅಡ್ಡ ಬರುವುದಿಲ್ಲ.

ಜತ್ತ ತಾಲೂಕಿನ ಶಿಕ್ಷಕರಲ್ಲಿ, ಗ್ರಾಮ ಪಂಚಾಯತಿಗಳಲ್ಲಿ, ಗುಡ್ಡಾಪುರದ ದಾನಮ್ಮನ ಜಾತ್ರೆಗೆ ಊರಿಗೆ ಬರುವ ದುಡಿಯುವ ಹುಡುಗರಲ್ಲಿ ನನ್ನ ಕೋರಿಕೆ ಇಷ್ಟೇ: ಲಿಫ್ಟ್ ಮೆಕ್ಯಾನಿಕ್ಕಿಗೆ ಅವನದೇ ಹೆಸರಿನ ಪರವಾನಗಿ, ಶಾಫ್ಟಿನಲ್ಲಿ ನಡೆಯುವ ಪರೀಕ್ಷೆ, ಕನ್ನಡದಲ್ಲೂ ಪ್ರಶ್ನೆ, ಲಿಫ್ಟ್ ಬಂದ್ ಮಾಡುವ ಅಧಿಕಾರ, ಈ ನಾಲ್ಕನ್ನು ಕೇಳಿ ಮಹಾರಾಷ್ಟ್ರದ ಇಂಧನ ಇಲಾಖೆಗೂ ವಿದ್ಯುತ್ ನಿರೀಕ್ಷಕರಿಗೂ ಅರ್ಜಿ ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸರಕಾರದ ಯಾವ ಅಧಿಕಾರಿಗಾದರೂ ಅಹವಾಲು ಕೊಡುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ.